ಜೋರಾಗಿ ಹೇಳಿ, ಆಮೇಲೆ ಬಿಡ್ತು ಅನ್ನಿ

ನನ್ನ ಗಂಟಲಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಜಯನಗರದ ಪಕ್ಕದ ಸಿದ್ದಾಪುರದ ನಮ್ಮ ಗಲ್ಲಿಯಲ್ಲಿ ನಾನು ನನ್ನ ಮಕ್ಕಳನ್ನು ತಿಂಡಿಗೆ ಕರೆದರೆ ಎದುರು ಮನೆಯ ಮಕ್ಕಳೂ ತಟ್ಟೆ ಹಿಡಿದು ಬರುತ್ತಿದ್ದರು ಎಂದು ನನ್ನ ಗಂಡ ಇಂದಿಗೂ ನೆಂಟರ ಮುಂದೆ ಆಡಿಕೊಳ್ಳುತ್ತಾರೆ. ನರ್ಸಿಂಗ್ ಓದುವಾಗ ಹಾಸ್ಟೆಲ್ ವಾರ್ಡನ್, ಮದುವೆಯಾದ ಮೇಲೆ ಅತ್ತೆ, ಈಗ ಮೀಸೆ ಬಂದಿರುವ ನನ್ನ ಗಂಡುಮಕ್ಕಳು, ಎಲ್ಲರೂ ನನಗೆ ಹೇಳಿಕೊಂಡು ಬಂದಿರುವುದು ಒಂದೇ ಮಾತು: ಸ್ವಲ್ಪ ಮೆಲ್ಲಗೆ ಮಾತಾಡು. ಇಂಥ ನನಗೆ ದೇವರು ಕೆಲಸ ಕೊಟ್ಟಿದ್ದು ಎಲ್ಲಿ? ಗಟ್ಟಿಯಾಗಿ ಉಸಿರಾಡಿದರೂ ತಿರುಗಿ ನೋಡುವ ಒಂದು ಹೆರಿಗೆ ಆಸ್ಪತ್ರೆಯಲ್ಲಿ.

ಚಿಕ್ಕಲಸಂದ್ರದ ಒಳರಸ್ತೆಯಲ್ಲಿರುವ ಚಿಕ್ಕ ಆಸ್ಪತ್ರೆ ಅದು. ಹಿಂದೆ ಅದು ನಮ್ಮ ದೊಡ್ಡ ಡಾಕ್ಟರ ತಂದೆಯ ರಾಗಿ ಹೊಲ. ಊರು ಬೆಳೆದು ಹೊಲ ಸೈಟಾದಾಗ ಅಣ್ಣತಮ್ಮಂದಿರು ತಮ್ಮ ತಮ್ಮ ಪಾಲಿನಲ್ಲಿ ಬಾಡಿಗೆ ಮನೆಗಳನ್ನು ಎಬ್ಬಿಸಿದರು. ಓದಿ ಡಾಕ್ಟರಾಗಿದ್ದ ಮಗಳು ತನ್ನ ಪಾಲಿನಲ್ಲಿ ಆಸ್ಪತ್ರೆ ಕಟ್ಟಿಸಿದರು. ನಾವೆಲ್ಲ ಅವರನ್ನು ಮೇಡಂ ಎಂದಷ್ಟೇ ಕರೆಯುತ್ತೇವೆ. ಕೈಗುಣ ಅಂದರೆ ಅವರದು. ಸುಬ್ರಹ್ಮಣ್ಯಪುರದ ಕಡೆಯಿಂದಲೂ ಅವರ ಕೈಯಲ್ಲೇ ಹೆರಬೇಕೆಂದು ಬರುತ್ತಾರೆ. ಅವರು ಬೈದದ್ದನ್ನು ನಾನು ಕಂಡಿಲ್ಲ. ಬೈಯುವ ಕೆಲಸವನ್ನು ನನಗೇ ಬಿಟ್ಟಿದ್ದರು ಅನ್ನಿ.

ಮೇಡಂ ಅವರ ಹೆರಿಗೆ ಕೋಣೆಗೆ ಒಂದು ನಿಯಮವಿತ್ತು. ಅಲ್ಲಿ ಕೆಟ್ಟ ಮಾತು ಆಡಬಾರದು. ಕೆಟ್ಟ ಮಾತೆಂದರೆ ಬೈಗುಳವಲ್ಲ, ಅಶುಭದ ಮಾತು. ರಕ್ತ ಹೋಗುತ್ತಿದೆ, ಬಿ.ಪಿ. ಇಳಿಯುತ್ತಿದೆ, ಅಪಾಯ, ಇಂಥ ಯಾವ ಮಾತೂ ಬಾಯಲ್ಲಿ ಬರಬಾರದು. ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ನಾವು ಏನಂದರೂ 'ಅಸ್ತು' ಅಂದುಬಿಡುತ್ತಾರೆ ಎಂದು ನಮ್ಮ ಮನೆಗಳಲ್ಲಿ ಹೇಳುತ್ತಾರಲ್ಲ, ಅದೇ. ಬಾಯಿತಪ್ಪಿ ಯಾರಾದರೂ ಅಂದರೆ ನಮ್ಮ ಆಯಮ್ಮ ಎಲ್ಲಿದ್ದರೂ ಓಡಿ ಬಂದು "ಬಿಡ್ತು ಅನ್ನಿ, ಬಿಡ್ತು ಅನ್ನಿ" ಎಂದು ಅನ್ನಿಸಿಯೇ ಬಿಡುತ್ತಿದ್ದಳು. ನಾವು 'ಬಿಡ್ತು' ಅಂದರೆ ಆಡಿದ ಮಾತು ಆಡಲಿಲ್ಲ ಎಂದು ಲೆಕ್ಕ.

ಹಾಗಾದರೆ ನಿಜಕ್ಕೂ ರಕ್ತ ಹೋದಾಗ ಏನು ಮಾಡುತ್ತಿದ್ದೆವು? ಮೇಡಂ ದನಿ ತಗ್ಗಿಸಿ "ಸ್ವಲ್ಪ ಜಾಸ್ತಿ ಇದೆ" ಎನ್ನುತ್ತಿದ್ದರು. ದನಿ ಎಷ್ಟು ಇಳಿಯುತ್ತದೋ ಅಷ್ಟು ಜೋರಾಗಿ ಓಡಬೇಕು ಎಂದು ಹಳಬರಾದ ನನಗೆ, ಆಯಮ್ಮನಿಗೆ ಗೊತ್ತಿತ್ತು. ತುಟಿ ಮಾತ್ರ ಅಲ್ಲಾಡಿ ದನಿಯೇ ಹೊರಡದಿದ್ದರೆ ಪ್ರಾಣಕ್ಕೇ ಬಂದಿದೆ ಎಂದು ಅರ್ಥ. ಹೊರಗೆ ಕುಳಿತ ಮನೆಯವರಿಗೆ ಏನೂ ತಿಳಿಯದಂತೆ, ಮಲಗಿದ ಹೆಂಗಸಿಗೂ ತಿಳಿಯದಂತೆ ಎಲ್ಲವೂ ಕಣ್ಸನ್ನೆಯಲ್ಲೇ ಮುಗಿಯುತ್ತಿತ್ತು. ಹಳಬರೇ ಇದ್ದಷ್ಟು ಕಾಲ ಅದು ನಡೆಯಿತು. ಆಮೇಲೆ ಹೊಸ ಡ್ಯೂಟಿ ಡಾಕ್ಟರ್ ಬಂದ, ಹೊಸ ಸಿಸ್ಟರುಗಳು ಬಂದರು. ಅವರಿಗೆ ಈ ದನಿಯ ಪಾಠ ಯಾರು ಹೇಳಿಕೊಡಬೇಕು? ಅದನ್ನು ಹೇಳಬೇಕೆಂದರೆ ಕೆಟ್ಟ ಮಾತೇ ಆಡಬೇಕಲ್ಲ.

ಅದೇ ಸಮಯಕ್ಕೆ ಒಂದು ದಿನ ಮೇಡಂ ಎಲ್ಲರನ್ನೂ ಕರೆದು, ಹೆರಿಗೆಯ ಸಮಯದಲ್ಲಿ ತೊಂದರೆಯಾದರೆ ತಂಡವಾಗಿ ಹೇಗೆ ನಿಭಾಯಿಸಬೇಕು ಎಂದು ಅಭಿನಯ ಮಾಡಿಸಿ ಕಲಿಸುವ ಒಬ್ಬ ಡಾಕ್ಟರ್ ಬರುತ್ತಾರೆ, ಎಲ್ಲರೂ ಇರಬೇಕು ಎಂದರು. ನನಗೆ ಮೈಯೆಲ್ಲ ಉರಿಯಿತು. "ಹೆರಿಗೆ ಆದ್ಮೇಲೆ ಅತ್ತೆ ಸೊಸೆ ಮಾಡೋ ನಾಟಕ ಎಷ್ಟೋ ನೋಡಿದ್ದೀನಿ ಮೇಡಂ. ಹೆರಿಗೇದೇ ನಾಟಕ ಇನ್ನೂ ನೋಡಿರ್ಲಿಲ್ಲ, ಅದೂ ಆಗ್ಲಿ" ಎಂದೆ. ಮೇಡಂ ನಕ್ಕರು. ಆದರೆ ಅವರಿಗೂ ಅಷ್ಟೇನೂ ನಂಬಿಕೆಯಿದ್ದಂತೆ ಕಾಣಲಿಲ್ಲ.

ಬಂದ ಡಾಕ್ಟರ್ ನನ್ನ ಹಿರಿಮಗನಿಗಿಂತ ಸ್ವಲ್ಪ ದೊಡ್ಡವಳಿರಬಹುದು. ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ಪ್ರವಾಸಕ್ಕೆ ಹೊರಟವರಂತೆ ದಪ್ಪ ಚೀಲ. ಚೀಲದಿಂದ ಅವಳು ತೆಗೆದದ್ದು ಒಂದು ರಬ್ಬರಿನ ಹೊಟ್ಟೆ. ಅದನ್ನು ಏಪ್ರನ್ನಿನ ಹಾಗೆ ಸೊಂಟಕ್ಕೆ ಕಟ್ಟಿಕೊಂಡು ಮಲಗಬೇಕು. ಒಳಗೆ ಒಂದು ಗೊಂಬೆ ಮಗು, ಅದರ ಕಸ, ಅಂದರೆ ಮಾಸು, ಮತ್ತೆ ಕೆಂಪು ನೀರಿನ ಒಂದು ಚೀಲ. ಮಲಗಿದವರ ಕೈಗೆ ಒಂದು ಪಂಪು. ಅದನ್ನು ಒತ್ತಿದರೆ ರಕ್ತದ ಹಾಗೆ ಕೆಂಪು ನೀರು ಹರಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ಅದನ್ನು ಕಂಡದ್ದೇ ಆಯಮ್ಮ ಸೆರಗು ಬಾಯಿಗೆ ಹಿಡಿದುಕೊಂಡಳು.

"ಯಾರು ಮಲಗ್ತೀರಾ?" ಎಂದು ಕೇಳಿದಳು ಡಾಕ್ಟರ್.

ಯಾರೂ ಮುಂದೆ ಬರಲಿಲ್ಲ. ಒಬ್ಬಳಿಗೆ ಮದುವೆ ಗೊತ್ತಾಗಿತ್ತು, ಇನ್ನೊಬ್ಬಳಿಗೆ ಹೊಸದಾಗಿ ಮದುವೆಯಾಗಿತ್ತು. ನಾಳೆ ತಮಗೂ ಹೀಗೇ ಆದರೆ ಎಂಬ ಭಯ ಮುಖದಲ್ಲೇ ಕಾಣುತ್ತಿತ್ತು. ಮತ್ತೊಬ್ಬ ಸಿಸ್ಟರ್ ನಿಜವಾಗಿಯೂ ಬಸುರಿ. ದಾವಣಗೆರೆ ಕಡೆಯ ಹುಡುಗಿ, ನಮ್ಮಲ್ಲಿಗೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ, ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ಗಂಡನ ಜೊತೆ ಬಾಡಿಗೆಗಿದ್ದಳು. ಚುರುಕು ಅಂದರೆ ಚುರುಕು. ನನ್ನ ಹಿಂದೆಯೇ ಓಡಾಡಿಕೊಂಡು ಅಕ್ಕಾ ಅಕ್ಕಾ ಎಂದು ಎಲ್ಲವನ್ನೂ ಕೇಳಿ ಕಲಿಯುತ್ತಿದ್ದಳು. ನನಗೆ ಹೆಣ್ಣುಮಕ್ಕಳಿಲ್ಲ, ಆ ಆಸೆಯನ್ನೆಲ್ಲ ಅವಳ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಅವಳಿಗೆ ನಾನು ಬೈದಷ್ಟು ಬೇರೆ ಯಾರಿಗೂ ಬೈದಿಲ್ಲ. ಆಯಮ್ಮ ಅವಳ ರಟ್ಟೆ ಹಿಡಿದು "ಬಸ್ರಿ ಹೆಂಗ್ಸು ಇದೆಲ್ಲ ನೋಡ್ಬಾರ್ದು, ಆಚೆ ನಡಿ" ಎಂದು ಬಾಗಿಲಾಚೆ ತಳ್ಳಿದಳು. ಅವಳು ಹೊರಗೇನೋ ಹೋದಳು, ಆದರೆ ಬಾಗಿಲ ಗಾಜಿಗೆ ಮೂಗು ಒತ್ತಿಕೊಂಡು ನಿಂತಳು.

"ನಾನೇ ಮಲಗ್ತೀನಿ ಬಿಡಿ. ನನಗೆ ಇನ್ನೇನಾಗಬೇಕಿದೆ" ಎಂದು ಹೊಟ್ಟೆ ಕಟ್ಟಿಕೊಂಡು ಹೆರಿಗೆ ಟೇಬಲ್ ಹತ್ತಿದೆ. ಇಷ್ಟು ವರ್ಷ ಪಕ್ಕದಲ್ಲಿ ನಿಂತು ಎಷ್ಟೋ ಹೆಂಗಸರಿಗೆ ಹೆದರಬೇಡಮ್ಮ ಎಂದಿದ್ದೇನೆ. ಆ ಟೇಬಲ್ಲಿನ ಮೇಲೆ ಮಲಗಿ ನೋಡಿರಲಿಲ್ಲ. ಡಾಕ್ಟರ್ ನನ್ನ ಕಿವಿಯಲ್ಲಿ ಹೇಳಿದಳು: "ಮಗು ಆದ್ಮೇಲೆ ಪಂಪ್ ಒತ್ತೋಕೆ ಶುರು ಮಾಡಿ ಆಂಟಿ. ಅವರು ಮಾಡಬೇಕಾದ್ದೆಲ್ಲ ಮಾಡಿದ್ರೆ ನಿಲ್ಸಿ. ಮಾಡ್ದಿದ್ರೆ ನಿಲ್ಲಿಸ್ಬೇಡಿ." ಆಂಟಿ ಅಂದದ್ದಕ್ಕೆ ಒಂದು ಸಿಟ್ಟು ಒಳಗೇ ಇಟ್ಟುಕೊಂಡೆ.

ನಾನು ಚೆನ್ನಾಗಿಯೇ ಅಭಿನಯಿಸಿದೆ. ನನ್ನ ಕೂಗಿಗೆ ಹೊರಗೆ ಕುಳಿತಿದ್ದ ನಿಜವಾದ ಬಸುರಿಯರು ಬೆಚ್ಚಿಬಿದ್ದರಂತೆ. ಗೊಂಬೆ ಮಗು ಹೊರಬಂತು, ಕಸವೂ ಬಂತು. ಪಂಪು ಒತ್ತಿದೆ. ಮೇಡಂ ಕೆಳಗೆ ನೋಡಿದರು. ಅವರ ದನಿ ಇಳಿಯಿತು. "ಸ್ವಲ್ಪ ಜಾಸ್ತಿ ಇದೆ" ಎಂದರು.

ಆಯಮ್ಮ ಒಬ್ಬಳಿಗೆ ಅರ್ಥವಾಯಿತು. ಅವಳು ಬಟ್ಟೆ ತರಲು ಓಡಿದಳು. ಡ್ಯೂಟಿ ಡಾಕ್ಟರ್ ಮೂಲೆಯಲ್ಲಿ ಕೇಸ್ ಶೀಟ್ ಬರೆಯುತ್ತಲೇ ಇದ್ದ. ಒಬ್ಬ ಸಿಸ್ಟರ್ ಗೊಂಬೆಯನ್ನು ತೂಕಕ್ಕೆ ಇಟ್ಟು ಅದರ ಕೆನ್ನೆ ಹಿಂಡಿ ನಗುತ್ತಿದ್ದಳು. ಮೇಡಂ ಇನ್ನೂ ಮೆಲ್ಲಗೆ "ಯಾರಾದ್ರೂ ಇಂಜೆಕ್ಷನ್ ತನ್ನಿ" ಎಂದಾಗ ಇಬ್ಬರು ಒಂದೇ ಇಂಜೆಕ್ಷನ್ನಿಗೆ ಫ್ರಿಜ್ಜಿನ ಹತ್ತಿರ ಹೋಗಿ ನೀವು ತಗೊಳ್ಳಿ ನೀವು ತಗೊಳ್ಳಿ ಎಂದು ನಿಂತರು. ಡ್ರಿಪ್ ಹಾಕಲು ಯಾರೂ ಬರಲಿಲ್ಲ. ನನ್ನ ಮುಖ ನೋಡಲಂತೂ ಒಬ್ಬರೂ ಬರಲಿಲ್ಲ. ನಾನು ಕೋಪಕ್ಕೆ ಪಂಪನ್ನು ಇನ್ನೂ ಜೋರಾಗಿ ಒತ್ತಿದೆ. ಕೆಂಪು ನೀರು ಟೇಬಲ್ಲಿನಿಂದ ಇಳಿದು ಮೇಡಂ ಚಪ್ಪಲಿ ತೋಯಿಸಿ ನೆಲದಲ್ಲಿ ಹರಡಿತು. ಆ ಕೋಣೆಯಲ್ಲಿ ಅಷ್ಟು ಜನರಿದ್ದರೂ ದೇವರ ಕೋಣೆಯಲ್ಲಿರುವಷ್ಟೇ ಮೌನ.

"ಸಾಕು ನಿಲ್ಸಿ" ಎಂದಳು ತರಬೇತಿಯ ಡಾಕ್ಟರ್. "ತಾಯಿ ಉಳೀಲಿಲ್ಲ."

"ಬಿಡ್ತು ಅನ್ನಿ ಡಾಕ್ಟ್ರಮ್ಮ!" ಎಂದು ಆಯಮ್ಮ ಚೀರಿದಳು.

ನಾನು ರಬ್ಬರ್ ಹೊಟ್ಟೆ ಹಿಡಿದುಕೊಂಡು ಎದ್ದು ಕುಳಿತೆ. "ಬಿಡ್ತು ಗಿಡ್ತು ಆಮೇಲೆ. ನಾನು ಸತ್ತೆ ಅಂತ ನಂಗೇ ಯಾರೂ ಹೇಳ್ಲಿಲ್ವಲ್ರೀ!"

ಎಲ್ಲರೂ ನಕ್ಕರು. ಮೇಡಂ ಮಾತ್ರ ನಗಲಿಲ್ಲ. ಅವರು ತಮ್ಮ ಒದ್ದೆ ಚಪ್ಪಲಿಯನ್ನೇ ನೋಡುತ್ತಿದ್ದರು.

ನೆಲ ಒರೆಸಿದ ಮೇಲೆ ಡಾಕ್ಟರ್ ನಮ್ಮನ್ನೆಲ್ಲ ಸುತ್ತ ಕೂರಿಸಿದಳು. ಇಲ್ಲಿ ಯಾರಿಗೂ ಬೈಯುವ ಹಾಗಿಲ್ಲ, ಏನಾಯಿತು ಎಂದು ಮಾತ್ರ ಹೇಳಬೇಕು ಎಂದಳು. ಬೈಯುವ ಹಾಗಿಲ್ಲ ಎಂದಾಗ ಅವಳ ಕಣ್ಣು ನನ್ನ ಮೇಲಿತ್ತು. ಬಂದು ಸ್ವಲ್ಪ ಹೊತ್ತಿಗೇ ನನ್ನನ್ನು ಅಳೆದುಬಿಟ್ಟಿದ್ದಳು. ತೊಂದರೆ ಇದೆ ಎಂದು ಯಾವಾಗ ಗೊತ್ತಾಯಿತು ಎಂದು ಒಬ್ಬೊಬ್ಬರನ್ನೇ ಕೇಳಿದಳು. ಡ್ಯೂಟಿ ಡಾಕ್ಟರ್ "ನೀವು ಸಾಕು ಅಂದಾಗ್ಲೇ" ಎಂದ. ಪಾಪ, ಕಿವಿಯೆಲ್ಲ ಕೆಂಪಾಗಿತ್ತು. ಆಯಮ್ಮ "ಮೇಡಂ ದನಿ ಇಳೀತಲ್ಲ, ಆವಾಗ್ಲೇ" ಎಂದಳು. ಮೇಡಂ "ನಾನು ಹೇಳಿದ್ನಲ್ಲ" ಎಂದರು.

"ನಿಮಗೇನನ್ನಿಸ್ತು ಆಂಟಿ?" ಎಂದು ನನ್ನನ್ನು ಕೇಳಿದಳು.

"ಮೇಲೆ ಫ್ಯಾನ್ ರೆಕ್ಕೆ ತುಂಬಾ ಧೂಳಿದೆ. ಅದು ಬಿಟ್ರೆ ನಂಗೇನೂ ಗೊತ್ತಾಗ್ಲಿಲ್ಲ" ಎಂದೆ. ತಮಾಷೆಗೆ ಅಂದದ್ದು. ನಿಜವಾಗಿ ರಕ್ತ ಹೋಗುವ ಹೆಂಗಸು ಆ ಫ್ಯಾನು ನೋಡಿಕೊಂಡು, ಸುತ್ತಲಿನವರ ಕಣ್ಸನ್ನೆ ನೋಡಿಕೊಂಡು, ತನಗೇನಾಗುತ್ತಿದೆ ಎಂದು ತಿಳಿಯದೆ ಎಷ್ಟು ಹೆದರುತ್ತಾಳೋ ಎಂದು ಅಂದಮೇಲೆ ಹೊಳೆಯಿತು.

ತರಬೇತಿಯ ಡಾಕ್ಟರ್ ನಮ್ಮ ಮೇಡಂ ಕಡೆ ತಿರುಗಿ ಬಹಳ ಮರ್ಯಾದೆಯಿಂದ ಕೇಳಿದಳು. "ಒಂದೇ ಒಂದ್ಸಲ ಜೋರಾಗಿ ಹೇಳ್ತೀರಾ ಮೇಡಂ? ರಕ್ತಸ್ರಾವ ಆಗ್ತಿದೆ, ಎಮರ್ಜೆನ್ಸಿ, ಅಂತ."

ಮೇಡಂ ಬಾಯಿ ತೆರೆದರು. ದನಿ ಬರಲಿಲ್ಲ. ಮತ್ತೊಮ್ಮೆ ಪ್ರಯತ್ನಪಟ್ಟು, ಕೈಚೆಲ್ಲಿ ಹೇಳಿದರು: "ಆಗಲ್ಲ ಕಣಮ್ಮ. ಹೆರಿಗೆ ಮನೇಲಿ ಕೆಟ್ಟ ಮಾತಾಡ್ಬಾರ್ದು ಅಂತ ನಮ್ಮಮ್ಮ ಹೇಳ್ಕೊಂಡು ಬೆಳೆಸಿದ್ರು. ನಾನು ಓದಿದ್ದೀನಿ, ಎಲ್ಲಾ ಗೊತ್ತು. ಆದ್ರೂ ಬಾಯಿಗೆ ಬರಲ್ಲ."

ಆ ಹುಡುಗಿ ಡಾಕ್ಟರ್ ಅದಕ್ಕೆ ನಗುತ್ತಾಳೆ ಅಂದುಕೊಂಡಿದ್ದೆ. ನಕ್ಕಿದ್ದರೆ ಅವಳ ಚೀಲ ನಾನೇ ಎತ್ತಿ ರಸ್ತೆಗಿಡುತ್ತಿದ್ದೆ. ಅವಳು ನಗಲಿಲ್ಲ. ಆಗ ಬಾಗಿಲು ತೆರೆದು ನಮ್ಮ ಬಸುರಿ ಸಿಸ್ಟರ್ ತಲೆ ಹಾಕಿದಳು.

"ಮೇಡಂ, ನಾನೊಂದು ಮಾತು ಹೇಳ್ಲಾ? ಫಸ್ಟು ಜೋರಾಗಿ ಹೇಳಿಬಿಡೋಣ. ಆಮೇಲೆ ನಾವೆಲ್ಲಾ ಒಟ್ಟಿಗೆ ಬಿಡ್ತು ಅಂದ್ರೆ ಆಗಲ್ವಾ?"

ಎಲ್ಲರೂ ಆಯಮ್ಮನ ಕಡೆ ತಿರುಗಿದರು. ಅವಳೇ ತೀರ್ಪು ಕೊಟ್ಟಳು. "ಆಗುತ್ತೆ. ಯಾಕಾಗಲ್ಲ? ಬಿಡ್ತು ಇರೋದೇ ಅದಕ್ಕೆ."

ತರಬೇತಿಯ ಡಾಕ್ಟರ್ ಚಪ್ಪಾಳೆ ತಟ್ಟಿದಳು. ಬಿಡ್ತು ಎಂದು ಎಲ್ಲರೂ ಕೂಗಿದರೆ ಎಲ್ಲರಿಗೂ ಕೇಳಿಸಿತು ಎಂದಾಯಿತಲ್ಲ, ನನಗೆ ಬೇಕಾದದ್ದೂ ಅದೇ ಎಂದಳು. ಆಮೇಲೆ ಕೆಲಸ ಹಂಚಿದಳು. ಮೇಡಂ ಮುಂದಾಳು, ಹೆಸರು ಹಿಡಿದು ಕೆಲಸ ಹೇಳುವವರು. ಹೇಳಿಸಿಕೊಂಡವರು ಅದನ್ನು ತಿರುಗಿ ಜೋರಾಗಿ ಹೇಳಬೇಕು, ಮಾಡಿದ ಮೇಲೆ ಮಾಡಿದೆ ಎಂದೂ ಹೇಳಬೇಕು. ಡ್ಯೂಟಿ ಡಾಕ್ಟರಿಗೆ ಎರಡೂ ಕೈಗೆ ಡ್ರಿಪ್. ಒಬ್ಬ ಸಿಸ್ಟರಿಗೆ ಇಂಜೆಕ್ಷನ್, ಇನ್ನೊಬ್ಬಳಿಗೆ ಗರ್ಭಕೋಶ ಗಟ್ಟಿಯಾಗಲೆಂದು ಹೊಟ್ಟೆಯ ಮೇಲಿಂದ ಉಜ್ಜುವುದು. ಆಯಮ್ಮನಿಗೆ ರಕ್ತ ತರಿಸಲು ಆಳು ಕಳಿಸುವುದು. ಯಾರಾದರೂ ಒಬ್ಬರು ಗಡಿಯಾರ ನೋಡಿ ಸಮಯ ಕೂಗುತ್ತಿರಬೇಕು. "ನಾನು, ನಾನು" ಎಂದು ಬಸುರಿ ಹುಡುಗಿ ಒಳಗೆ ನುಗ್ಗಿಯೇಬಿಟ್ಟಳು. ಹಿರಿಯಳೆಂದು ಗರ್ಭಕೋಶದ ಕೆಲಸವನ್ನು ಮೊದಲು ನನಗೇ ಕೊಡಲು ಬಂದಿದ್ದರು. ನಾನು ಒಪ್ಪಲಿಲ್ಲ. "ನನಗೆ ತಲೆ ಹತ್ರದ ಜಾಗ ಕೊಡಿ. ಅವಳಿಗೆ ಏನಾಗ್ತಿದೆ ಅಂತ ನಾನು ಹೇಳ್ತೀನಿ" ಎಂದೆ.

ಎರಡನೆಯ ಸಲ ತರಬೇತಿಯ ಡಾಕ್ಟರೇ ಹೊಟ್ಟೆ ಕಟ್ಟಿಕೊಂಡು ಮಲಗಿದಳು. ಕೆಂಪು ನೀರು ನನ್ನ ಸಿಟ್ಟಿನಲ್ಲೇ ಖರ್ಚಾಗಿತ್ತಾದ್ದರಿಂದ ಆಯಮ್ಮ ಅರಿಶಿನಕ್ಕೆ ಸುಣ್ಣ ಕಲಸಿ, ಆರತಿಗೆ ಮಾಡುವ ಹಾಗೆ ಒಂದು ಪಾತ್ರೆ ಓಕುಳಿ ನೀರು ಮಾಡಿಕೊಟ್ಟಳು. ಮೇಡಂ ಕೆಳಗೆ ನೋಡಿದರು. ಕಣ್ಣು ಮುಚ್ಚಿಕೊಂಡರು. "ರಕ್ತಸ್ರಾವ" ಎಂದರು. ಪಕ್ಕದವರಿಗೆ ಕೇಳಿಸುವಷ್ಟು ದನಿ ಅಷ್ಟೆ. ನಾವೆಲ್ಲ ಗೋಡೆ ಅದುರುವಂತೆ "ಬಿಡ್ತು!" ಎಂದೆವು. ಮೇಡಂಗೆ ನಗು ತಡೆಯಲಾಗಲಿಲ್ಲ. ಆದರೆ ಆ ನಗುವಿನಲ್ಲೇ ಎಲ್ಲರ ಕೈಗಳೂ ಓಡಿದವು, ಡ್ರಿಪ್ ಬಿತ್ತು, ಇಂಜೆಕ್ಷನ್ ಬಿತ್ತು, ಗಡಿಯಾರದ ಹುಡುಗಿ ಶಾಲೆಯ ಗಂಟೆಯ ಹಾಗೆ ಸಮಯ ಕೂಗಿದಳು. ಕೊನೆಗೆ ಮಲಗಿದ್ದ ಡಾಕ್ಟರ್ ಪಂಪು ಬಿಟ್ಟು ಕೈ ಮೇಲೆತ್ತಿ "ನಾನು ಬದುಕ್ಕೊಂಡೆ!" ಎಂದಳು. ಅವತ್ತು ಮೇಡಂ ಎಲ್ಲರಿಗೂ ಬನಶಂಕರಿಯಿಂದ ದೋಸೆ ತರಿಸಿದರು.

ಆಮೇಲೆ ನಮಗೆ ಅದರ ಹುಚ್ಚು ಹತ್ತಿತು. ಕೆಲಸ ಕಡಿಮೆಯಿದ್ದ ಮಧ್ಯಾಹ್ನಗಳಲ್ಲಿ ದಿಂಬು ಕಟ್ಟಿಕೊಂಡಾದರೂ ಒಂದು ಸಲ ಮಾಡುತ್ತಿದ್ದೆವು. ಪಕ್ಕದ ಬಾಡಿಗೆ ಮನೆಯ ಅಂಕಲ್ ಒಬ್ಬರು ಬಂದು, ನಿಮ್ಮಲ್ಲಿ ಮಧ್ಯಾಹ್ನವಾದರೆ ಬಿಡ್ತು ಬಿಡ್ತು ಎಂದು ಏನು ಗಲಾಟೆ, ಯಾವುದಾದರೂ ಪೂಜೆಯೇ ಎಂದು ವಿಚಾರಿಸಿದರು. ಹೂಂ, ಪೂಜೆಯೇ ಎಂದು ಆಯಮ್ಮ ಹೇಳಿ ಕಳಿಸಿದಳು. ಮೇಡಂ ದನಿ ಸಲದಿಂದ ಸಲಕ್ಕೆ ಏರಿತು. ಆದರೂ ಅದು ಅಭಿನಯದಲ್ಲಿ ಏರಿದ ದನಿ. ಓಕುಳಿ ನೀರಿಗೆ ಕೂಗುವುದು ಬೇರೆ, ನಿಜವಾದ ರಕ್ತಕ್ಕೆ ಕೂಗುವುದು ಬೇರೆ ಎಂದು ನನಗೆ ಒಳಗೊಳಗೇ ಅಳುಕಿತ್ತು. ಮೇಡಂಗೂ ಇತ್ತು.

ಅಷ್ಟರಲ್ಲಿ ಹುಡುಗಿಗೆ ದಿನ ತುಂಬುತ್ತ ಬಂತು. ಸೀಮಂತವಾಯಿತು. ದಾವಣಗೆರೆಯಿಂದ ಅವಳ ತಾಯಿ ಮಗಳನ್ನು ಕರೆದುಕೊಂಡು ಹೋಗಲು ಬಂದರು. ಮೊದಲ ಹೆರಿಗೆ ತವರಿನಲ್ಲೇ ಆಗಬೇಕು, ಅದು ಎಲ್ಲ ಕಡೆಯ ಪದ್ಧತಿ. ಹುಡುಗಿ ಬರುವುದಿಲ್ಲ ಎಂದು ಪಟ್ಟು ಹಿಡಿದಳು. "ನಾನು ನಮ್ಮ ಆಸ್ಪತ್ರೇಲೇ ಹೆರ್ತೀನಿ. ನಮ್ಮ ಟೀಮಿಗಿಂತ ಚೆನ್ನಾಗಿ ಯಾರು ನೋಡ್ಕೋತಾರೆ?" ಎಂದು ವಾದಿಸಿದಳು. ತಾಯಿಗೆ ತುಂಬ ನೋವಾಯಿತು. ಹಣೆಯ ತುಂಬ ವಿಭೂತಿ, ಕೈತುಂಬ ಹಸಿರು ಬಳೆ, ಸೀದಾ ಸಾದಾ ಹೆಂಗಸು. ನನ್ನ ಹತ್ತಿರ ಬಂದು ಕುಳಿತರು.

"ಅಕ್ಕಾರ, ನೀವು ದೊಡ್ಡಾರು ಅದೀರಿ. ನನಗ ಇರಾಕಿ ಒಬ್ಬಾಕಿ ಮಗಳು. ಏನ್ ಮಾಡ್ಲಿ ಹೇಳ್ರಿ."

ನಾನು ಹಿಂದುಮುಂದು ನೋಡದೆ ಅವರ ಕೈ ಹಿಡಿದು, "ಇಲ್ಲೇ ಬಿಡಿ ಅಮ್ಮ. ನಿಮ್ಮ ಮಗಳು ನನ್ನ ಜವಾಬ್ದಾರಿ" ಎಂದೆ.

"ನಿಮ್ಮ ಮ್ಯಾಲೆ ಭಾರ ಹಾಕೀನ್ರಿ" ಎಂದು ಅವರು ಮಗಳ ಬಾಡಿಗೆ ಮನೆಯಲ್ಲೇ ಉಳಿದುಕೊಂಡರು. ಅವತ್ತು ಬಸ್ಸಿನಲ್ಲಿ ಮನೆಗೆ ಹೋಗುವಾಗ ನನ್ನ ಬಾಯಿಗೆ ನಾನೇ ಬೈದುಕೊಂಡೆ. ಹೆರಿಗೆಯ ಬಗ್ಗೆ ಮಾತು ಕೊಡಬಾರದು ಎಂದು ಇಷ್ಟು ವರ್ಷದ ನರ್ಸಿಗೆ ಗೊತ್ತಿರಬೇಡವೇ?

ಹೆರಿಗೆಯ ದಿನ ಬೆಳಿಗ್ಗೆ ಎಲ್ಲ ಸರಾಗವಾಗಿತ್ತು. ರಸ್ತೆಯಲ್ಲಿ ಸೊಪ್ಪಿನ ಗಾಡಿಯವಳು ಕೂಗುತ್ತಿದ್ದಳು. ಹುಡುಗಿ ನೋವಿನ ನಡುವೆಯೂ, ಸಂಜೆ ಸಾರಿಗೆ ದಂಟಿನ ಸೊಪ್ಪು ತೆಗೆದುಕೊಳ್ಳಿ ಅಕ್ಕಾ ಎಂದಳು. ಬಿಸಿಲು ಚೆನ್ನಾಗಿ ಏರಿದ ಹೊತ್ತಿಗೆ ಹೆಣ್ಣುಮಗು ಹುಟ್ಟಿತು. ಹುಟ್ಟಿದ್ದೇ ತಡ ಅಳಲು ಶುರು ಮಾಡಿತು. ನನ್ನ ಗಂಟಲು ಬಂದಿದೆ ಎಂದು ಆಯಮ್ಮ ಹೇಳಿದಳು. ಬಾಗಿಲ ಸಂದಿಯಿಂದ ತಾಯಿಗೆ ಹೆಣ್ಣು ಎಂದು ಕೂಗಿದೆ. ಅವರು ಹೊರಗಿನಿಂದಲೇ ಕೈಮುಗಿದರು. ಕಸ ಪೂರ್ತಿ ಬಂತು. ಎಲ್ಲರೂ ನಗುತ್ತಿದ್ದೆವು.

ಮೇಡಂ ಹುಡುಗಿಯ ಹೊಟ್ಟೆಯ ಮೇಲೆ ಕೈಯಿಟ್ಟರು. ಇಟ್ಟ ಕೈಯನ್ನು ಎತ್ತಲಿಲ್ಲ. ಗರ್ಭಕೋಶ ಗಟ್ಟಿಯಾಗಬೇಕಾದದ್ದು ಮೆತ್ತಗೇ ಇತ್ತು. ಕೆಳಗೆ ನೋಡಿದರು. ನಾನು ಮೇಡಂ ಮುಖ ನೋಡಿದೆ. ಆ ಮುಖ ನನಗೆ ಗೊತ್ತು. ಇನ್ನು ಅವರ ದನಿ ಇಳಿಯುತ್ತದೆ, ತುಟಿ ಮಾತ್ರ ಅಲ್ಲಾಡುತ್ತದೆ. ಓಕುಳಿ ನೀರಲ್ಲ ಇದು, ನಮ್ಮ ಹುಡುಗಿ. ಬಾಗಿಲಾಚೆಯೇ ಅವಳ ಅಮ್ಮ ಕುಳಿತಿದ್ದಾರೆ. ಮೇಡಂ ತುಟಿ ಒಮ್ಮೆ ಅಲ್ಲಾಡಿತು.

ಮೇಡಂ ತಲೆಯೆತ್ತಿದರು.

"ರಕ್ತಸ್ರಾವ!" ಎಂದು ಕೂಗಿದರು. ಆ ತೆಳ್ಳನೆಯ ಮೈಯಲ್ಲಿ ಅಂಥ ದನಿ ಎಲ್ಲಿತ್ತೋ! "ರಕ್ತ ಜೋರಾಗಿ ಹೋಗ್ತಿದೆ! ಎಮರ್ಜೆನ್ಸಿ!"

"ಬಿಡ್ತು!" ಎಂದೆವು ನಾವೆಲ್ಲ.

ಬಾಗಿಲಾಚೆಯಿಂದ ಕುರ್ಚಿ ಬಿದ್ದ ಸದ್ದು, ಹಿಂದೆಯೇ ತಾಯಿಯ ಕೂಗು: "ಬಿಡ್ತು ಅನ್ರೀ! ಬಿಡ್ತು ಅನ್ರೀ!"

ಟೇಬಲ್ಲಿನ ಮೇಲಿಂದ ಹುಡುಗಿ ಸಣ್ಣ ದನಿಯಲ್ಲಿ ತಾನೂ "ಬಿಡ್ತು" ಅಂದಳು. ಆಮೇಲೆ ಕೇಳಿದಳು: "ಟೈಮ್ ಯಾರು ನೋಡ್ತಿದ್ದೀರಾ?"

ಗಡಿಯಾರದ ಕೆಲಸ ಅವಳದೇ ಆಗಿತ್ತಲ್ಲ, ನಾವು ಅದನ್ನು ಬೇರೆಯವರಿಗೆ ವಹಿಸುವುದನ್ನೇ ಮರೆತಿದ್ದೆವು. "ನಾನು ನೋಡ್ತೀನಿ!" ಎಂದು ಮಗು ಹಿಡಿದಿದ್ದ ಸಿಸ್ಟರ್ ಕೂಗಿದಳು. ಮೇಡಂ ಒಬ್ಬೊಬ್ಬರ ಹೆಸರು ಹಿಡಿದು ಕೆಲಸ ಹೇಳಿದರು, ಒಬ್ಬೊಬ್ಬರೂ ಅದನ್ನು ತಿರುಗಿ ಹೇಳಿದರು. ಡ್ಯೂಟಿ ಡಾಕ್ಟರ್ ಬಲಗೈಗೆ ಡ್ರಿಪ್ ಬಿತ್ತು ಎಂದ, ಎಡಗೈಗೂ ಬಿತ್ತು ಎಂದ. ಇಂಜೆಕ್ಷನ್ ಕೊಟ್ಟಾಯಿತು ಎಂದು ಇನ್ನೊಂದು ದನಿ. ಜಯನಗರದ ಬ್ಲಡ್ ಬ್ಯಾಂಕಿಗೆ ಸ್ಕೂಟರ್ ಹೊರಟಿತು ಎಂದು ಬಾಗಿಲಿನಿಂದ ಆಯಮ್ಮ. ನಾನು ತಲೆಯ ಹತ್ತಿರ ನಿಂತು ಹುಡುಗಿಯ ಕೆನ್ನೆ ಹಿಡಿದುಕೊಂಡೆ.

"ನೋಡು ಪುಟ್ಟಿ, ಗರ್ಭಕೋಶ ಮೆತ್ತಗಿದೆ, ಅದಕ್ಕೆ ರಕ್ತ ಹೋಗ್ತಿದೆ. ಉಜ್ಜುತ್ತಿದ್ದಾರೆ, ನೋಯುತ್ತೆ, ತಡ್ಕೋ. ಔಷಧಿ ಹೋಗ್ತಿದೆ. ಎಲ್ಲರೂ ಇಲ್ಲೇ ಇದ್ದೀವಿ."

"ಗೊತ್ತು ಅಕ್ಕ" ಎಂದಳು. "ನಾನೂ ಕೇಳಿಸ್ಕೊಂಡೆ."

ಮೊದಲ ಇಂಜೆಕ್ಷನ್ನಿಗೆ ರಕ್ತ ನಿಲ್ಲಲಿಲ್ಲ. ಮೇಡಂ ಅದನ್ನೂ ಜೋರಾಗಿಯೇ ಹೇಳಿದರು. "ನಿಂತಿಲ್ಲ! ಮುಂದಿನ ಔಷಧಿ! ನಾನು ಒಳಗೆ ಕೈಯಿಟ್ಟು ಒತ್ತಿ ಹಿಡೀತೀನಿ!" ನಾವು ಬಿಡ್ತು ಎಂದೆವು, ಈ ಸಲ ನಗು ಯಾರಿಗೂ ಇರಲಿಲ್ಲ. ಹೊರಗೆ ತಾಯಿಯೂ ನಮ್ಮ ಜೊತೆಗೇ ಬಿಡ್ತು ಎಂದರು. ಹುಡುಗಿಯ ಕೆನ್ನೆ ನನ್ನ ಕೈಯಲ್ಲಿ ತಣ್ಣಗಾಗುತ್ತ ಬಂತು. ತುಟಿ ಬಿಳಿಚಿಕೊಂಡಿತು. ಅವಳು ಕಣ್ಣು ತೆರೆದು ನನ್ನನ್ನೇ ನೋಡಿ, "ಅಕ್ಕ, ಈ ಸಲ ಪಂಪ್ ಯಾರ ಕೈಲೂ ಇಲ್ಲ ಅಲ್ವಾ?" ಎಂದಳು.

ನನಗೆ ತಿಳಿದದ್ದನ್ನೇ ಹೇಳಿದೆ. "ಮೇಡಂ ಕೈಲಿದೆ ಕಣೇ. ಗಟ್ಟಿಯಾಗಿ ಹಿಡ್ಕೊಂಡಿದ್ದಾರೆ, ಬಿಡಲ್ಲ. ನೀನು ಕಣ್ಣು ಮುಚ್ಬೇಡ. ಮುಚ್ಚಿದ್ರೆ ಕಪಾಳಕ್ಕೆ ಕೊಡ್ತೀನಿ." ಅವಳು ನಗಲು ಪ್ರಯತ್ನಿಸಿದಳು.

ಗಡಿಯಾರದವಳು ಸಮಯ ಕೂಗುತ್ತಲೇ ಇದ್ದಳು. ಎರಡನೆಯ ಔಷಧಿ ಹೋಯಿತು. ಮೇಡಂ ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು, ಆದರೆ ಕೈ ಅಲುಗಲಿಲ್ಲ. ಆ ಕೋಣೆಯಲ್ಲಿ ಒಂದು ಕ್ಷಣವೂ ಮೌನವಿರಲಿಲ್ಲ. ಯಾರು ಏನು ಮಾಡುತ್ತಿದ್ದಾರೆ ಎಂದು ಎಲ್ಲರಿಗೂ, ಹುಡುಗಿಗೂ, ಹೊರಗಿದ್ದವರಿಗೂ ಗೊತ್ತಿತ್ತು. ಹೆದರಿಕೆಯಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಆ ಹೆದರಿಕೆಯನ್ನು ಎಲ್ಲರೂ ಸೇರಿ ಹೊತ್ತಿದ್ದೆವು.

ಮೇಡಂ ಕೈಯಲ್ಲೇ ಏನನ್ನೋ ಕೇಳಿಸಿಕೊಳ್ಳುವವರ ಹಾಗೆ ನಿಂತರು. ನಿಧಾನವಾಗಿ ಕೈ ಸಡಿಲಿಸಿ ನೋಡಿದರು. ಮತ್ತೆ ನೋಡಿದರು. ಆಮೇಲೆ ಅವರ ಬಾಯಿಂದ ಬಂದ ದನಿ ಮೊದಲಿನದಕ್ಕಿಂತ ದೊಡ್ಡದಿತ್ತು.

"ಗಟ್ಟಿಯಾಗಿದೆ! ರಕ್ತ ನಿಂತಿದೆ!"

ಅಭ್ಯಾಸಬಲ ನೋಡಿ. ಡ್ಯೂಟಿ ಡಾಕ್ಟರ್ ಬಾಯಿ ತೆರೆದು "ಬಿ..." ಎನ್ನುವಷ್ಟರಲ್ಲಿ ಆಯಮ್ಮ ಬಾಗಿಲಿನಿಂದ ಹಾರಿ ಬಂದು ಅವನ ಬೆನ್ನಿಗೆ ಗುದ್ದಿದಳು. "ಸುಮ್ನಿರಿ ಡಾಕ್ಟ್ರೇ! ಇದಕ್ಕೆ ಬಿಡ್ತು ಅನ್ಬಾರ್ದು! ಅಸ್ತು ಅನ್ನಿ! ಎಲ್ಲಾರೂ ಅಸ್ತು ಅನ್ನಿ!"

"ಅಸ್ತು!" ಎಂದೆವು. ಅಷ್ಟು ಜೋರಾಗಿ ನಾವು ಬಿಡ್ತು ಎಂದದ್ದೇ ಇಲ್ಲ. ಡ್ಯೂಟಿ ಡಾಕ್ಟರ್ ಅಳುತ್ತಿದ್ದ, ಅದನ್ನು ಮುಚ್ಚಿಕೊಳ್ಳಲು ಡ್ರಿಪ್ ನೋಡುತ್ತಿದ್ದ. ಮೇಡಂ ಗೋಡೆಗೆ ಒರಗಿ, ರಕ್ತವಾದ ಕೈಗಳನ್ನು ಮುಂದೆ ಹಿಡಿದುಕೊಂಡು, ನಗುತ್ತಿದ್ದರು. ಅವರು ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ಅವತ್ತೇ ಕಂಡದ್ದು. ರಕ್ತದ ಬಾಟಲಿ ಬಂದು ಏರಿತು. ಹುಡುಗಿಯ ತುಟಿಗೆ ನಿಧಾನವಾಗಿ ಬಣ್ಣ ಮರಳಿತು.

"ಅಕ್ಕ, ಅಮ್ಮಂಗೆ ಹೇಳಿ" ಎಂದಳು.

ಬಾಗಿಲು ತೆಗೆದೆ. ತಾಯಿ ಬಾಗಿಲಿಗೇ ಹಣೆ ಒತ್ತಿಕೊಂಡು ನಿಂತಿದ್ದರು. ವಿಭೂತಿಯೆಲ್ಲ ಬಾಗಿಲಿಗೆ ಮೆತ್ತಿತ್ತು. ಬಿಡ್ತು ಬಿಡ್ತು ಎಂದು ಅವರ ಗಂಟಲು ಕಟ್ಟಿಹೋಗಿತ್ತು. "ಏನಾತ್ರೀ ಅಕ್ಕಾರ?" ಎಂದು ಕೇಳಿದ್ದು ದನಿಯಲ್ಲ, ಬರೀ ಗಾಳಿ. ಅವರ ಹಿಂದೆ ಅಳಿಯ, ಅವನ ಹಿಂದೆ ಚೆಕಪ್ಪಿಗೆ ಬಂದಿದ್ದ ಬಸುರಿಯರು, ಅವರ ಅತ್ತೆಯರು, ಎಲ್ಲರೂ ಎದ್ದು ನಿಂತು ನನ್ನ ಬಾಯನ್ನೇ ನೋಡುತ್ತಿದ್ದರು.

ನನಗೆ ಹುಟ್ಟಿದಾಗಿನಿಂದ ಮೆಲ್ಲಗೆ ಮಾತಾಡು ಎಂದವರೆಲ್ಲ ಅಲ್ಲಿರಬೇಕಿತ್ತು. ದೇವರು ಕೊಟ್ಟ ಗಂಟಲನ್ನು ಪೂರ್ತಿ ಬಿಟ್ಟು, ಹಿಂದಿನ ಬೀದಿಯ ಸೊಪ್ಪಿನವಳಿಗೂ ಕೇಳಿಸುವ ಹಾಗೆ ಕೂಗಿದೆ.

"ರಕ್ತ ನಿಂತಿದೆ! ನಿಮ್ಮ ಮಗಳು ಉಳ್ಕೊಂಡ್ಲು! ತಾಯಿ ಮಗು ಇಬ್ರೂ ಚೆನ್ನಾಗಿದ್ದಾರೆ!"

ಆಕೆ ನನ್ನ ಎರಡೂ ಕೈ ಹಿಡಿದು, ಆ ಒಡೆದ ಗಂಟಲಿನಲ್ಲೇ, ಮೊದಲು ಒಂದು ಸಲ, ಆಮೇಲೆ ನಿಲ್ಲಿಸಲಾಗದೆ ಅನ್ನುತ್ತಲೇ ಹೋದರು: "ಅಸ್ತು, ಅಸ್ತು, ಅಸ್ತು."